ಪಂಚನಹಳ್ಳಿಗೆ ಐದು ಏಟು

ನಮ್ಮೂರಿನ ಹೆಸರು ನನಗೇ ಹೇಳಲು ಬರುವುದಿಲ್ಲ ಎಂದು ಡೊಳ್ಳು ಕಲಿಸುವ ಓಂಕಾರೇಶಣ್ಣ ಅಂದ ದಿನ ನಾನು ಡೊಳ್ಳನ್ನು ಕೆಳಗಿಟ್ಟು ಮನೆಗೆ ಹೊರಟುಬಿಟ್ಟಿದ್ದೆ. ಐವತ್ತೆರಡು ವರ್ಷದವಳು ನಾನು. ಹುಟ್ಟಿದ್ದು ಪಂಚನಹಳ್ಳಿಯಲ್ಲಿ, ಓದಿದ್ದು ಅಲ್ಲಿಯ ಶಾಲೆಯಲ್ಲಿ, ಮದುವೆಯಾಗಿ ಅಜ್ಜಂಪುರಕ್ಕೆ ಬಂದ ಮೇಲೂ ಯಾವೂರು ಎಂದರೆ ಮೊದಲು ಬಾಯಿಗೆ ಬರುವುದು ಅದೇ. ಅಂಥದ್ದರಲ್ಲಿ ಇವರು ನನಗೆ ಹೇಳಿಕೊಡಬೇಕೇ? ಗೇಟಿನವರೆಗೆ ಹೋದ ಮೇಲೆ ಚಪ್ಪಲಿ ಬಿಟ್ಟುಬಂದದ್ದು ಗೊತ್ತಾಯಿತು. ವಾಪಸು ಬಂದವಳು ಸುಮ್ಮನೆ ಮತ್ತೆ ಡೊಳ್ಳು ಕಟ್ಟಿಕೊಂಡೆ. ನನ್ನ ಸಿಟ್ಟು ಗೇಟಿನಿಂದಾಚೆ ಹೋಗುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ಬಾಯಿ ಮಾಡುವಷ್ಟು ಮಾಡಿ ಮುಗಿಸಿರುತ್ತದೆ.

ನಮ್ಮದು ಹೆಂಗಸರ ಡೊಳ್ಳಿನ ತಂಡ. ಎಂಟು ಜನ ಇದ್ದೇವೆ. ಭಾನುವಾರ ಬೆಳಗ್ಗೆ ಸಮುದಾಯ ಭವನದ ಹಿಂದಿನ ಬಯಲಿನಲ್ಲಿ ಕಲಿಯುತ್ತೇವೆ. ಓಂಕಾರೇಶಣ್ಣನ ಮನೆತನದಲ್ಲಿ ಡೊಳ್ಳು ಮೊದಲಿನಿಂದಲೂ ಇತ್ತು, ಆದರೆ ಹೊಟ್ಟೆಪಾಡಿಗೆ ಅವರು ಕಡೂರು–ತರೀಕೆರೆ ಖಾಸಗಿ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರಾಗಿದ್ದರು. ಮೊದಲ ವಾರ ಅವರು ತಮ್ಮ ಅಪ್ಪ ಹೇಳಿಕೊಟ್ಟ ಹಾಗೆ ತಾಳದ ಸೊಲ್ಲು ಹೇಳಿದರು. ನಮ್ಮಲ್ಲಿ ಒಬ್ಬರಿಗೂ ಅದು ತಲೆಗೆ ಹೋಗಲಿಲ್ಲ. ಎರಡನೇ ವಾರ ಬೇಸತ್ತು, "ಹೋಗ್ಲಿ ಬಿಡಿ, ಬಸ್ ಸ್ಟಾಪಿನ ಹೆಸರು ಗೊತ್ತಲ್ವಾ, ಅದನ್ನೇ ಹೊಡೀರಿ" ಎಂದರು. ಕ-ಡೂರ್ ಎಂದರೆ ಎರಡು ಏಟು, ಬೀ-ರೂರ್ ಎಂದರೆ ಎರಡು. ತ-ರೀ-ಕೆ-ರೆ ನಾಲ್ಕು. ಬಲಗೈ ಕೋಲು ಎಲ್ಲಿ ಬೀಳಬೇಕು, ಎಡ ಅಂಗೈ ಎಲ್ಲಿ ಬೀಳಬೇಕು ಎಂದು ಆಮೇಲೆ ತಿದ್ದಿದರು. ಅರ್ಧ ಗಂಟೆಯಲ್ಲಿ ಎಂಟು ಜನವೂ ಕಡೂರಿನಿಂದ ತರೀಕೆರೆಗೆ ಹೋಗಿಬಂದೆವು.

ಅಲ್ಲಿಂದ ಒಂದು ಪದ್ಧತಿ ಬೆಳೆಯಿತು. ಪ್ರತಿ ಭಾನುವಾರ ಡೊಳ್ಳು ಕಟ್ಟುವ ಮೊದಲು ಒಬ್ಬೊಬ್ಬರೂ ತಮ್ಮ ಸ್ಟಾಪು ಹೇಳಬೇಕು, ಅಂದರೆ ಹೋದ ವಾರಕ್ಕಿಂತ ಎಷ್ಟು ಮುಂದೆ ಬಂದೆವು ಎಂದು. ಹೇಳಿದ ಮೇಲೆ ಓಂಕಾರೇಶಣ್ಣ "ರೈಟ್" ಅನ್ನುತ್ತಾರೆ. ಸುಳ್ಳು ಹೇಳಿದರೆ "ಹೋಲ್ಡಾನ್" ಅನ್ನುತ್ತಾರೆ, ಬಸ್ಸು ಅಲ್ಲೇ ನಿಂತಿತು ಎಂದು ಅರ್ಥ. ಡಿಗ್ರಿ ಓದುವ ನಿಖಿತಾ ಒಂದು ವಾರ ಡೊಳ್ಳು ಕೆಳಗಿಡದೆ ಇಪ್ಪತ್ತು ನಿಮಿಷ ಕುಣಿದೆ ಎಂದಳು. ಅರವತ್ತು ದಾಟಿದ ಸುಲೋಚನಮ್ಮ ಈ ವಾರ ರಾತ್ರಿ ಹೆಗಲಿಗೆ ಎಣ್ಣೆ ಹಚ್ಚಿಕೊಳ್ಳಲಿಲ್ಲ ಎಂದರು. ನನ್ನ ಪಕ್ಕದ ಮನೆಯ ಜಹೀರುನ್ನೀಸಾ ಮೊಮ್ಮಗಳ ಬೆನ್ನ ಮೇಲೆ ತರೀಕೆರೆ ತಟ್ಟಿ ಮಲಗಿಸಿದೆ ಎಂದಾಗ ಎಲ್ಲರೂ ನಕ್ಕರು. ಓಂಕಾರೇಶಣ್ಣ ಮಾತ್ರ ನಗದೆ, "ರೈಟ್, ಕೈಯೊಳಗೆ ಇಳಿದಿದೆ ಅಂತ ಅರ್ಥ" ಎಂದರು.

ನಾನು ಎಲ್ಲರಿಗಿಂತ ಮುಂದೆಯೇ ಇದ್ದೆ. ನನ್ನದು ಹಿಟ್ಟಿನ ಗಿರಣಿ. ದಿನವಿಡೀ ರಾಗಿ ಮೂಟೆ ಎತ್ತಿ ಹಾಕುವ ತೋಳಿಗೆ ಡೊಳ್ಳು ಭಾರವೇ? ಏಟು ಗಟ್ಟಿಯಾಗಿ ಬೀಳುತ್ತಿತ್ತು, ಹಾಗಾಗಿ ನಡುವೆ ನಿಂತು ಒಂಟಿಯಾಗಿ ಬಾರಿಸುವ ಜಾಗ ನನಗೇ ಎಂದು ಆಗಿತ್ತು. ಎಲ್ಲ ಸರಿಯಿತ್ತು, ಪಂಚನಹಳ್ಳಿ ಬರುವ ತನಕ.

ಅದು ಐದು ಏಟಿನ ಗತಿ. ಪಂ-ಚ-ನ-ಹಳ್-ಳಿ. ಓಂಕಾರೇಶಣ್ಣನಿಗೆ ಬಸ್ಸಿನ ಬೋರ್ಡು ಓದಿ ಅಭ್ಯಾಸ, ನಿಖಿತಾಳಿಗೆ ಪುಸ್ತಕ ಓದಿ ಅಭ್ಯಾಸ, ಅವರಿಗೆಲ್ಲ ಸಲೀಸಾಗಿ ಬಂತು. ನಾನು ಆ ಊರಿನವಳು. ಆ ಊರಿನಲ್ಲಿ ಹುಟ್ಟಿದ ಯಾರೂ ಪಂಚನಹಳ್ಳಿ ಅನ್ನುವುದಿಲ್ಲ, ಪಂಚ್ನಳ್ಳಿ ಅನ್ನುತ್ತೇವೆ. ನಾಲಗೆ ಹೋದ ಕಡೆ ಕೈ ಹೋಗುತ್ತಿತ್ತು. ಐದು ಏಟು ಬೀಳಬೇಕಾದ ಕಡೆ ಮೂರು ಬಾರಿಸಿ ನಾನು ಮೊದಲೇ ಹೋಗಿ ನಿಂತಿರುತ್ತಿದ್ದೆ, ಉಳಿದ ಏಳು ಜನ ಹಿಂದಿನಿಂದ ಬರುತ್ತಿದ್ದರು.

"ಪಂಕಜಮ್ಮ, ನಿಮ್ಮೂರ ಹೆಸರು ನಿಮಗೇ ಹೇಳೋಕೆ ಬರಲ್ವಲ್ಲ, ಅಕ್ಷರ ನುಂಗ್ತೀರ" ಎಂದರು ಓಂಕಾರೇಶಣ್ಣ.

"ನಾನ್ಯಾಕೆ ನುಂಗ್ಲಿ? ನಮ್ಮೂರಿಗೆ ಇರೋದೇ ಅಷ್ಟು ಅಕ್ಷರ."

"ಅಕ್ಕ, ಅದು ಬರ್ದಿದ್ರೆ ಅಂತರಘಟ್ಟೆ ಅಂತ ಹೊಡೀರಿ. ಅದೂ ಐದೇ" ಎಂದಳು ನಿಖಿತಾ.

ಹೊಡೆದು ನೋಡಿದೆ. ಅಂತ್ರಗಟ್ಟೆ ಆಯಿತು, ನಾಲ್ಕು. ನಿಖಿತಾ ಬಾಯಿಗೆ ಸೆರಗು ಅಡ್ಡ ಹಿಡಿಯುವ ಹಾಗೆ ದುಪಟ್ಟಾ ಹಿಡಿದುಕೊಂಡು ನಕ್ಕಳು. ಚಪ್ಪಲಿ ಬಿಟ್ಟುಹೋದದ್ದು ಆವತ್ತೇ.

ಐದು ವಾರ ನಾನು ನನ್ನ ಸ್ಟಾಪು ತರೀಕೆರೆ ಎಂದೇ ಹೇಳಿದೆ. ಆರನೇ ವಾರ ಓಂಕಾರೇಶಣ್ಣ ಒಂದು ಸುದ್ದಿ ತಂದರು. ಪಂಚನಹಳ್ಳಿಯ ಹೆಂಗಸರ ಹಾಲಿನ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬುತ್ತದಂತೆ, ಸಭೆಗೆ ಮೊದಲು ನಮ್ಮ ಡೊಳ್ಳು ಬೇಕಂತೆ. ನಮ್ಮ ತಂಡದ ಮೊದಲ ಪ್ರದರ್ಶನ. ಎಲ್ಲರೂ ಯಾವ ಸೀರೆ, ಯಾವ ಪೇಟ ಎಂದು ಶುರುಮಾಡಿದರು. ನನಗೆ ಮಾತ್ರ ಬೇರೆಯೇ ಯೋಚನೆ. ಆ ಊರಿನಲ್ಲಿ ನಮ್ಮಣ್ಣ ಬಸವೇಶ ಇದ್ದಾನೆ. ಅವನು ನನ್ನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷ.

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸುತ್ತಿಬಳಸಿ ಏನು ಪ್ರಯೋಜನ. ನಮ್ಮಣ್ಣನಿಗೆ ಚಿಕ್ಕಂದಿನಿಂದ ಮಾತು ಉಗ್ಗು. ಅದರಲ್ಲೂ ಪಕಾರ ಬಂದರೆ ಮುಗಿಯಿತು. ಹುಟ್ಟಿದ ಊರು ಪಂಚನಹಳ್ಳಿ, ಬೆನ್ನಿಗೆ ಹುಟ್ಟಿದ ತಂಗಿ ಪಂಕಜಾಕ್ಷಿ, ಎರಡಕ್ಕೂ ಅದೇ ಮೊದಲಕ್ಷರ. ಊರಿನ ಹೆಸರಿಗೆ ಬೇರೆ ದಾರಿಯಿರಲಿಲ್ಲ, ನನ್ನ ಹೆಸರಿಗೆ ಅವನು ದಾರಿ ಕಂಡುಕೊಂಡಿದ್ದ. ತಲೆಯ ಅಕ್ಷರ ಬಿಟ್ಟು "ಕಜ" ಎಂದು ಕರೆಯುತ್ತಿದ್ದ. ಲೋಕದಲ್ಲಿ ನನ್ನನ್ನು ಹಾಗೆ ಕರೆಯುವವನು ಅವನೊಬ್ಬನೇ.

ನನ್ನ ಮಗಳು ಕೃತಿಕಾಳ ನಿಶ್ಚಿತಾರ್ಥದ ದಿನ ಗಂಡಿನ ಕಡೆಯ ಹಿರಿಯರೊಬ್ಬರು, ಹುಡುಗಿಯ ಸೋದರಮಾವ ಎಂಬ ಮರ್ಯಾದೆಗೆ, "ತಮ್ಮದು ಯಾವೂರು?" ಎಂದು ಅವನನ್ನು ಕೇಳಿದರು. ಅವನು ಎದ್ದು ನಿಂತು "ಪಂ… ಪಂ…" ಎಂದು ಶುರುಮಾಡಿದ. ನನ್ನ ಕೈಯಲ್ಲಿ ಹೂವಿನ ತಟ್ಟೆಯಿತ್ತು, ಹಿಂದೆ ಅಡುಗೆಯವರು ಕರೆಯುತ್ತಿದ್ದರು, ಮುಹೂರ್ತ ಮೀರುತ್ತಿತ್ತು. "ಪಂಚ್ನಳ್ಳಿ ಅನ್ನೋಕೆ ಎಷ್ಟೊತ್ತೋ ನಿಂಗೆ? ಅಷ್ಟೊತ್ತಿಗೆ ಬಸ್ಸೇ ಊರು ಮುಟ್ಟಿರ್ತದೆ" ಎಂದುಬಿಟ್ಟೆ. ಮನೆ ತುಂಬ ಜನ ನಕ್ಕರು. ಅಣ್ಣ ಕೂತುಕೊಂಡ. ಮದುವೆಗೆ ಬಂದ, ಸೋದರಮಾವನ ಶಾಸ್ತ್ರ ಎಲ್ಲ ಮಾಡಿದ, ಊಟ ಮಾಡದೆ ಹೋದ. ಆಮೇಲೆ ಮಾತಿಲ್ಲ. ಮೂರು ಸಲ ಊರಿಗೆ ಹೋದೆ. ನನ್ನ ದನಿ ಕೇಳಿದ ಕೂಡಲೇ ಹಿಂದಿನ ಬಾಗಿಲಿನಿಂದ ತೋಟಕ್ಕೆ ಹೋಗುತ್ತಿದ್ದ. ಫೋನು ಮಾಡಿದರೆ ಅತ್ತಿಗೆ ಹೇಮಾವತಿ ಎತ್ತುತ್ತಿದ್ದಳು, "ಇಲ್ಲೇ ಕೂತವ್ರೆ ಕಣೇ, ಏನ್ ಮಾಡ್ಲಿ" ಅನ್ನುತ್ತಿದ್ದಳು.

ಈಗ ಅದೇ ಊರಿನ ನಡುಮಧ್ಯೆ ನಿಂತು, ಅದೇ ಹೆಸರಿನ ಗತಿಯನ್ನು ಒಂಟಿಯಾಗಿ ಬಾರಿಸಬೇಕು. ಅವನು ಬಂದು ನೋಡಿದರೆ ಸಾಕು ಅನ್ನಿಸಿತು. ನೋಡಿ, ಒಂದು ಮಾತಾಡಿದರೆ ಇನ್ನೂ ಬೇಕು ಅನ್ನಿಸಿತು. ಬೈದರೂ ಸರಿ. ಆದರೆ ಕೈಗೆ ಬಾರದ ಗತಿ ಹೊತ್ತು ಅವನ ಮುಂದೆ ಹೇಗೆ ನಿಲ್ಲಲಿ? ಓಂಕಾರೇಶಣ್ಣ ಬೇರೆ ನೇರವಾಗಿ ಹೇಳಿದ್ದರು, "ಇನ್ನೆರಡು ಭಾನುವಾರ ನೋಡ್ತೀನಿ ಪಂಕಜಮ್ಮ. ಆಗ್ದಿದ್ರೆ ನಡುವಿನ ಜಾಗ ನಿಖಿತಾಗೆ. ಬೇಜಾರ್ ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಬೇಡಿ ಅಂದರೆ ಬೇಜಾರು ಹೋಗುತ್ತದೆಯೇ? ಮಾರನೇ ದಿನ ಗಿರಣಿಯಲ್ಲಿ ಬಂದವರ ಮೇಲೆಲ್ಲ ಹರಿಹಾಯ್ದೆ. ಜಹೀರುನ್ನೀಸಾ ಅಕ್ಕಿ ಹಿಡಿದು ಬಂದಿದ್ದಳು. ಅವಳು ಬಾಯಿ ತೆರೆಯುವ ಮೊದಲೇ "ರೊಟ್ಟಿಗೆ ತಾನೆ, ನುಣ್ಣಗೆ ತಾನೆ" ಎಂದು ಗಿರಣಿಯ ಬಾಯಿಗೆ ಸುರಿದುಬಿಟ್ಟೆ.

"ಇಡ್ಲಿಗೆ ತರಿ ಬೇಕಿತ್ತು ಪಂಕಜಕ್ಕ" ಎಂದಳು ಅವಳು ಮೆಲ್ಲಗೆ. "ಯಾರನ್ನೂ ಪೂರ್ತಿ ಹೇಳೋಕೆ ಬಿಡಲ್ವಲ್ಲ ನೀವು."

ಗಿರಣಿ ನಿಲ್ಲಿಸಿದೆ. ಇವಳೂ ಶುರುಮಾಡಿದಳಲ್ಲ ಎಂದು ಸಿಟ್ಟು ಬಂತು. ಅವಳು ಮಾತ್ರ ತಣ್ಣಗೆ ಮೂಟೆಯ ಮೇಲೆ ಕೂತು, "ಬೈಬೇಡಿ, ಒಂದು ಕೇಳ್ತೀನಿ. ನಿಮ್ಮೂರಲ್ಲಿ ಆ ಹೆಸರನ್ನ ಪೂರ್ತಿಯಾಗಿ ಅನ್ನೋರು ಒಬ್ರೂ ಇರ್ಲಿಲ್ವಾ?" ಎಂದಳು.

"ಒಬ್ರೂ ಇಲ್ಲ" ಎಂದೆ. ಹೇಳಿ ಬಾಯಿ ಮುಚ್ಚಲಿಲ್ಲ, ನೆನಪಾಯಿತು.

ಒಬ್ಬನಿದ್ದ. ಕಡೂರಿನ ಹೈಸ್ಕೂಲಿಗೆ ಅಣ್ಣನನ್ನು ಸೇರಿಸಿದ ವರ್ಷ. ಸಂಜೆ ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಎಂದರೆ ಹೇಳಲಾಗದೆ ಎರಡು ಸಲ ಇಳಿಸಿಹೋಗಿದ್ದರು, ಹುಡುಗ ನಡೆದುಕೊಂಡು ಊರಿಗೆ ಬಂದಿದ್ದ. ಮೂರನೇ ದಿನ ಅವನು ಶಾಲೆಗೆ ಹೋಗುವುದಿಲ್ಲ ಎಂದು ಅಟ್ಟ ಹತ್ತಿ ಕೂತ. ನನಗೆ ಆಗ ಹನ್ನೊಂದು ವರ್ಷ. ಅಟ್ಟ ಹತ್ತಿ ಅವನ ಹಿಂದೆ ಕೂತು ಬೆನ್ನ ಮೇಲೆ ತಟ್ಟಿದೆ. ಒಂದು ತಟ್ಟಿಗೆ ಒಂದೇ ಅಕ್ಷರ ಹೇಳು, ಇನ್ನೊಂದು ತಟ್ಟುವ ತನಕ ಸುಮ್ಮನಿರು, ಅವಸರವಿಲ್ಲ, ನಾನು ಇಲ್ಲೇ ಇದ್ದೀನಿ ಎಂದೆ. ಪಂ. ಚ. ನ. ಹಳ್. ಳಿ. ಕತ್ತಲಾಗುವವರೆಗೆ ತಟ್ಟಿದೆ. ಮಾರನೇ ದಿನ ಅವನು ಬಸ್ಸಿನಲ್ಲಿ ತನ್ನ ತೊಡೆಯನ್ನು ತಾನೇ ತಟ್ಟಿಕೊಂಡು ಹೆಸರು ಹೇಳಿ, ಟಿಕೆಟ್ಟು ತಂದು ನನ್ನ ಕೈಗೆ ಕೊಟ್ಟ.

ಹನ್ನೊಂದು ವರ್ಷಕ್ಕೆ ನನಗೆ ಕಾಯುವುದು ಬರುತ್ತಿತ್ತು. ಅಂಥವಳು ತುಂಬಿದ ಸಭೆಯಲ್ಲಿ ಅದೇ ಅಣ್ಣನಿಗೆ, ಬಸ್ಸಿನ ಮಾತನ್ನೇ ತೆಗೆದು ಚುಚ್ಚಿದ್ದೆ. ಅವನಿಗೆ ಎಲ್ಲಿ ತಾಗಿತ್ತು ಎಂದು ನನಗೆ ತಿಳಿಯಲು ಒಂಬತ್ತು ವರ್ಷ ಬೇಕಾಯಿತು. ಹಿಟ್ಟಿನ ಡಬ್ಬದ ಮುಂದೆ ನಿಂತು ಅತ್ತೆ. ಜಹೀರುನ್ನೀಸಾ ಎದ್ದು ಬಂದು, ಏನು ಎತ್ತ ಎಂದು ಕೇಳದೆ, ತನ್ನ ದುಪಟ್ಟಾದ ಅಂಚಿನಿಂದ ನನ್ನ ಮುಖದ ಹಿಟ್ಟು ಒರೆಸಿದಳು. ಆಮೇಲೆ ನಾನು ಅವಳ ಡಬ್ಬವನ್ನೇ ಅಣ್ಣನ ಬೆನ್ನು ಅಂದುಕೊಂಡು ತಟ್ಟಿದೆ. ಐದೂ ಬಿತ್ತು.

ಆ ಭಾನುವಾರ ನನ್ನ ಸರದಿ ಬಂದಾಗ, "ಪಂಚನಹಳ್ಳಿಗೆ ಬಂದೆ" ಎಂದೆ. ಓಂಕಾರೇಶಣ್ಣ ನಂಬದೆ ಹುಬ್ಬು ಏರಿಸಿದರು. ಬಾರಿಸಿ ತೋರಿಸಿದೆ. ಹನ್ನೆರಡು ಸುತ್ತು, ಒಂದೂ ಮುಂದೆ ಹೋಗಲಿಲ್ಲ. ಅವರು ಹುಬ್ಬು ಇಳಿಸಿ "ರೈಟ್" ಎಂದರು. ನಿಖಿತಾ ಓಡಿಬಂದು ತಬ್ಬಿಕೊಂಡಳು, ಡೊಳ್ಳು ಅಡ್ಡ ಇದ್ದುದರಿಂದ ಅರ್ಧ ನನ್ನನ್ನು, ಅರ್ಧ ಅದನ್ನು.

ಸಂಘದ ದಿನ ಟೆಂಪೊದಲ್ಲಿ ಹೊರಟೆವು. ಬೀರೂರು ಬಂದಾಗ ಎಲ್ಲರೂ ಕೂಗಿ ಎರಡು ಏಟು ಸೀಟಿನ ಮೇಲೆ ಹೊಡೆದರು, ಕಡೂರಿನಲ್ಲಿ ಇನ್ನೆರಡು. ಡ್ರೈವರಿಗೆ ನಮಗೆ ತಲೆ ಕೆಟ್ಟಿದೆ ಅನ್ನಿಸಿರಬೇಕು. ಕಡೂರು ದಾಟಿದ ಮೇಲೆ ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಎರಡೂ ಕಡೆ ತೆಂಗಿನ ತೋಟ, ಬೋರಿನ ಪಂಪುಮನೆಗಳು, ನನಗೆ ಗೊತ್ತಿದ್ದ ತಿರುವುಗಳು. ಜಹೀರುನ್ನೀಸಾ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು.

ಸಂಘದ ಕಟ್ಟಡದ ಮುಂದೆ ಶಾಮಿಯಾನ ಹಾಕಿದ್ದರು. ಹನ್ನೊಂದು ಗಂಟೆಯ ಬಿಸಿಲು. ಅತ್ತಿಗೆ ಹೇಮಾವತಿ ಮುಂದಿನ ಸಾಲಿನಲ್ಲಿ ಕೂತಿದ್ದಳು, ನನ್ನನ್ನು ಪೇಟದಲ್ಲಿ ನೋಡಿ ನಗುತ್ತಾ ಕಣ್ಣೊರೆಸಿಕೊಂಡಳು. ಅಣ್ಣ ಅವಳ ಪಕ್ಕದಲ್ಲಿ ಇರಲಿಲ್ಲ. ಕಡೂರು ಹೊಡೆದೆವು, ಬೀರೂರು ಹೊಡೆದೆವು, ತರೀಕೆರೆಗೆ ಕುಣಿತ ಏರಿತು, ಜನ ಶಿಳ್ಳೆ ಹಾಕಿದರು. ಆಮೇಲೆ ಉಳಿದವರು ನಿಲ್ಲಿಸಿ ಸುತ್ತ ನಿಂತರು, ನಾನು ನಡುವೆ ಬಂದೆ. ಕೋಲು ಎತ್ತುವಾಗ ಶಾಮಿಯಾನದ ಹೊರಗೆ, ಬೇವಿನ ಮರದ ಕೆಳಗೆ, ನಿಲ್ಲಿಸಿದ ಮೊಪೆಡ್ ಪಕ್ಕ ಅವನು ನಿಂತಿದ್ದು ಕಾಣಿಸಿತು. ತಲೆ ಪೂರ್ತಿ ಬೆಳ್ಳಗಾಗಿತ್ತು.

ಅಷ್ಟೇ, ಕೈ ಓಡಿತು. ಪಂಚ್ನಳ್ಳಿ. ಮೂರೇ ಏಟು. ಇನ್ನೊಂದು ಸುತ್ತು, ಮತ್ತೆ ಮೂರೇ. ಆವತ್ತು ಡೊಳ್ಳಿನ ಬದಲು ತಾಳ ಹಿಡಿದಿದ್ದ ಸುಲೋಚನಮ್ಮ ಗಾಬರಿಯಿಂದ ನನ್ನ ಮುಖ ನೋಡಿದರು. ಓಂಕಾರೇಶಣ್ಣ ಮೂಲೆಯಲ್ಲಿ ನಿಂತು, ಅಂಗೈ ತೋರಿಸಿ, ದನಿಯಿಲ್ಲದೆ ಬಾಯಲ್ಲೇ ಅಂದರು, ಹೋಲ್ಡಾನ್. ನಾನು ಕೋಲು ಮೇಲೆತ್ತಿ ನಿಂತುಬಿಟ್ಟೆ. ಜನ ಅದನ್ನೂ ಕುಣಿತದ ಭಾಗ ಅಂದುಕೊಂಡು ಸುಮ್ಮನಾದರು. ನನಗೆ ಮಾತ್ರ ಗೊತ್ತು, ಕೈಯಲ್ಲಿ ಏನೂ ಉಳಿದಿರಲಿಲ್ಲ.

ಆಗ ಮರದ ಕಡೆ ನೋಡಿದೆ. ಅಣ್ಣ ಎಡಗೈಯನ್ನು ಮೊಪೆಡ್‌ನ ಸೀಟಿನ ಮೇಲೆ ಇಟ್ಟಿದ್ದ. ನನ್ನನ್ನೇ ನೋಡುತ್ತಾ ಅದನ್ನು ಎತ್ತಿ ಒಂದು ಸಲ ತಟ್ಟಿದ. ಬಿಟ್ಟ. ಇನ್ನೊಂದು. ಬಿಟ್ಟ. ಅಷ್ಟು ದೂರಕ್ಕೆ ಸದ್ದು ಕೇಳುವ ಮಾತೇ ಇಲ್ಲ, ಕೈ ಮಾತ್ರ ಕಾಣುತ್ತಿತ್ತು. ಮೂರು. ನಾಲ್ಕು. ಐದು. ಅವಸರವಿಲ್ಲ, ನಾನು ಇಲ್ಲೇ ಇದ್ದೀನಿ ಎಂದು ಅಟ್ಟದ ಮೇಲೆ ನಾನು ಹೇಳಿದ್ದನ್ನು ಅವನು ನನಗೆ ವಾಪಸು ಹೇಳುತ್ತಿದ್ದ. ಅವನ ಕೈ ನೋಡಿಕೊಂಡೇ ಬಾರಿಸಿದೆ. ಪಂ. ಚ. ನ. ಹಳ್. ಳಿ. ನಾಲ್ಕನೇ ಸುತ್ತಿಗೆ ಉಳಿದ ಆರು ಡೊಳ್ಳೂ ತಾಳವೂ ಸೇರಿಕೊಂಡವು. ಆಮೇಲೆ ಎಷ್ಟು ಸುತ್ತು ಬಾರಿಸಿದೆನೋ ಲೆಕ್ಕವಿಲ್ಲ. ಕಣ್ಣು ಮಂಜಾಗಿತ್ತು, ಕೈ ತಪ್ಪಲಿಲ್ಲ.

ಮುಗಿದ ಮೇಲೆ ಡೊಳ್ಳು ಬಿಚ್ಚದೆ ಹಾಗೆಯೇ ಬೇವಿನ ಮರದ ಹತ್ತಿರ ಹೋದೆ. ಅವನು ಈ ಸಲ ತೋಟಕ್ಕೆ ಹೋಗಲಿಲ್ಲ. ನನ್ನಲ್ಲಿ ಒಂಬತ್ತು ವರ್ಷದ ಮಾತು ತುಂಬಿತ್ತು. ಹೇಳಿದ್ದು ಮಾತ್ರ ಒಂದೇ.

"ಅಣ್ಣ, ಅವತ್ತು ನಾನು ಹಂಗೆ ಅನ್ಬಾರ್ದಿತ್ತು. ತಪ್ಪಾಯ್ತು ಕಣೋ."

ಅವನು ನನ್ನ ಮುಖ ನೋಡಿದ. ತುಟಿ ಕೂಡಿಸಿದ.

"ಪಂ…"

ಊರಿನ ಹೆಸರು ಅನ್ನುತ್ತಾನೆ ಎಂದುಕೊಂಡೆ. "ಪಂ…" ಎಂದ ಮತ್ತೆ. ಕತ್ತಿನ ನರ ಬಿಗಿಯಿತು. ಆಗ ತಿಳಿಯಿತು, ಅವನು ಹೇಳಹೊರಟಿದ್ದು ನನ್ನ ಹೆಸರು. ಐವತ್ತು ವರ್ಷ ಬಿಟ್ಟು ನಡೆದ ಅಕ್ಷರವನ್ನು ಈವತ್ತು ಬಿಡದೆ ಹೇಳಬೇಕೆಂದು ನಿಂತಿದ್ದ. ಕಜ ಅನ್ನೋ, ಸಾಕು, ಅದನ್ನೇ ಕೇಳೋಕೆ ಬಂದಿದ್ದೀನಿ ಎಂದು ನನ್ನ ನಾಲಗೆಯ ತುದಿಗೆ ಬಂತು. ಹಿಂದಿನಿಂದ ಯಾರೋ ಊಟಕ್ಕೆ ಕರೆದರು. ಟೆಂಪೊದವನು ಹಾರ್ನ್ ಹೊಡೆದ. ನನ್ನ ಬೆರಳು ಡೊಳ್ಳಿನ ಚರ್ಮದ ಮೇಲೆ ತಾನಾಗಿ ಎದ್ದಿತು, ಅದನ್ನೂ ತಡೆದೆ. ಈ ಸಲ ಅವನು ನನ್ನ ತಟ್ಟು ಬೇಕೆಂದು ಕೇಳಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು, ಅವನ ಮುಖ ನೋಡುತ್ತಾ, ನಿಂತೆ.

"ಪಂ… ಪಂ… ಪಂಕಜ" ಎಂದ ಅಣ್ಣ. ಉಸಿರು ಬಿಟ್ಟು, ಬೆವರು ಒರೆಸಿಕೊಂಡ. "ಮನೇಲಿ ಊಟ ಮಾಡ್ಕೊಂಡ್ ಹೋಗು."

ಮುಂದಿನ ಭಾನುವಾರ ಬಯಲಿನಲ್ಲಿ ಎಲ್ಲರೂ ತಮ್ಮ ತಮ್ಮ ಸ್ಟಾಪು ಹೇಳಿದರು. ನಿಖಿತಾ ಮೊದಲ ಸಲ ಅಷ್ಟು ಜನರ ಮುಂದೆ ನಡುಗದೆ ಕುಣಿದೆ ಎಂದಳು. ಸುಲೋಚನಮ್ಮ ಪೇಟ ಕಟ್ಟಿದ ಫೋಟೊವನ್ನು ಮಗ ಗೋಡೆಗೆ ಹಾಕಿದ ಎಂದರು. ನನ್ನ ಸರದಿ ಬಂತು. ನಾನು ಪಂಚನಹಳ್ಳಿ ಅನ್ನುತ್ತೇನೆ ಎಂದು ಎಲ್ಲರೂ ಕಾದಿದ್ದರು.

"ನಮ್ಮಣ್ಣ ನನ್ನ ಹೆಸರು ಹೇಳ್ದ" ಎಂದೆ. "ಪೂರ್ತಿ ಹೇಳೋ ತನಕ ನಾನು ಸುಮ್ನೆ ನಿಂತಿದ್ದೆ."

ಓಂಕಾರೇಶಣ್ಣ ಇನ್ನೇನಾದರೂ ಇದೆಯೇ ಎಂದು ಸ್ವಲ್ಪ ಹೊತ್ತು ನೋಡಿದರು.

"ರೈಟ್" ಎಂದರು.